ತನ್ನನ್ನು ತಾನೇ ಕೊಂಡುಕೊಂಡವಳು

1855ರ ನವೆಂಬರ್ ತಿಂಗಳಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಒಂದು ವ್ಯವಹಾರ ನಡೆಯಿತು. ಕೊಂಡವಳು ಒಬ್ಬ ಹೆಂಗಸು. ಮಾರಾಟಕ್ಕಿದ್ದವಳೂ ಅವಳೇ. ಜೊತೆಗೆ ಅವಳ ಹದಿಹರೆಯದ ಮಗ. ತಾಯಿ ಮಗ ಇಬ್ಬರಿಗೂ ಸೇರಿ ಬೆಲೆ 1,200 ಡಾಲರ್. ಹಣ ಸಂದಾಯವಾಯಿತು, ಒಡತಿ ಕಾಗದಕ್ಕೆ ಸಹಿ ಹಾಕಿದಳು. ಮೂವತ್ತೇಳು ವರ್ಷದ ಎಲಿಜಬೆತ್ ಕೆಕ್ಲಿ ಅಂದಿನಿಂದ ಯಾರ ಸೊತ್ತೂ ಅಲ್ಲ.

ಗುಲಾಮಗಿರಿಯ ಕಥೆಗಳನ್ನು ನಾವು ಬಿಡುಗಡೆಯ ದಿನಕ್ಕೆ ತಂದು ಮಂಗಳ ಹಾಡಿಬಿಡುತ್ತೇವೆ. ಆದರೆ ಎಲಿಜಬೆತ್ ಅದಾದ ಮೇಲೆ ಇನ್ನೂ ಐವತ್ತು ವರ್ಷಕ್ಕೂ ಮಿಕ್ಕಿ ಬದುಕಿದಳು. ಬಿಳಿಯರ ರಕ್ತವೂ ಕರಿಯರ ರಕ್ತವೂ ಕೂಡಿದ ಮೈ. ಕೈಯಲ್ಲಿ ಸೂಜಿ ದಾರ. ಇನ್ನು ನಾನು ಯಾರು, ಯಾರಿಗಾಗಿ ಬದುಕಬೇಕು ಎಂಬ ಪ್ರಶ್ನೆ ಅವಳಿಗೆ ಎದುರಾದದ್ದು ಬಿಡುಗಡೆಯಾದ ಮೇಲೆಯೇ. ಆ ಪ್ರಶ್ನೆಗೆ ಅವಳು ಉತ್ತರ ಹುಡುಕಿದ್ದು ರಕ್ತದಲ್ಲಲ್ಲ, ಋಣದಲ್ಲಿ. ಯಾರಿಗೆ ಯಾರು ಬಾಕಿ ಎಂಬ ಲೆಕ್ಕವನ್ನು ಅವಳಷ್ಟು ಕಟ್ಟುನಿಟ್ಟಾಗಿ ಇಟ್ಟವರು ಕಡಿಮೆ. ಅವಳಿಗೆ ಬರಬೇಕಾದ ಬಾಕಿಯನ್ನು ತೀರಿಸಿದವರು ಇನ್ನೂ ಕಡಿಮೆ.

ಎಲಿಜಬೆತ್ ಹುಟ್ಟಿದ್ದು 1818ರಲ್ಲಿ, ವರ್ಜೀನಿಯಾದ ಡಿನ್‌ವಿಡ್ಡಿಯಲ್ಲಿ. ತಾಯಿ ಆಗ್ನೆಸ್, ಬರ್ವೆಲ್ ಎಂಬ ಮನೆತನದ ಗುಲಾಮಳು. ಮನೆಮಂದಿಯ ಬಟ್ಟೆ ಹೊಲಿಯುವುದು ಅವಳ ಪಾಲಿನ ಕೆಲಸ. ಹೇಗೋ ಓದು ಬರಹವನ್ನೂ ಕಲಿತುಕೊಂಡಿದ್ದಳು. ಎಲಿಜಬೆತ್ ಅಪ್ಪ ಎಂದು ತಿಳಿದದ್ದು ಜಾರ್ಜ್ ಹಾಬ್ಸ್ ಎಂಬವನನ್ನು. ಅವನು ಬೇರೊಬ್ಬ ಒಡೆಯನ ಆಳು. ಕ್ರಿಸ್‌ಮಸ್‌ಗೊಮ್ಮೆ, ಈಸ್ಟರ್‌ಗೊಮ್ಮೆ ಹೆಂಡತಿ ಮಗಳ ಮುಖ ನೋಡಿ ಹೋಗಲು ಅವನಿಗೆ ಅಪ್ಪಣೆ. ಒಂದು ದಿನ ಅವನ ಒಡೆಯ ಪಶ್ಚಿಮದ ಕಡೆಗೆ ಗಂಟುಮೂಟೆ ಕಟ್ಟಿದ. ಬೀಳ್ಕೊಡಲು ಸಿಕ್ಕಿದ್ದು ಎರಡೇ ಗಂಟೆ. ಅಳುತ್ತಿದ್ದ ಆಗ್ನೆಸ್‌ಗೆ ಒಡತಿ ಗದರಿಸಿದಳು: ಗಂಡನೇ ಬೇಕಿದ್ದರೆ ತೋಟದಲ್ಲಿ ಗಂಡಸರಿಗೇನು ಬರವೇ, ಇನ್ನೊಬ್ಬನನ್ನು ನೋಡಿಕೋ. ಹಾಬ್ಸ್ ಮತ್ತೆ ಬರಲಿಲ್ಲ. ಅವನ ಕಾಗದಗಳು ಬಂದವು. ಬಣ್ಣಗೆಟ್ಟ ಆ ಕಾಗದಗಳಿಗಿಂತ ಬೆಲೆಯುಳ್ಳದ್ದು ತನ್ನ ಬಳಿ ಬೇರೆ ಇಲ್ಲ ಎಂದು ಎಲಿಜಬೆತ್ ಮುಂದೆ ಬರೆದುಕೊಂಡಳು.

ಆದರೆ ಹುಟ್ಟಿಗೆ ಕಾರಣನಾದವನು ಹಾಬ್ಸ್ ಅಲ್ಲ. ಒಡೆಯ ಆರ್ಮಿಸ್ಟೆಡ್ ಬರ್ವೆಲ್. ಇಲ್ಲಿ ಒಂದು ಕಾನೂನಿನ ಮಾತು ಹೇಳಬೇಕು. ಇಂಗ್ಲೆಂಡಿನ ಪದ್ಧತಿಯಲ್ಲಿ ಮಗುವಿಗೆ ತಂದೆಯ ಅಂತಸ್ತು ಬರುತ್ತಿತ್ತು. 1662ರಲ್ಲಿ ವರ್ಜೀನಿಯಾ ಅದನ್ನು ತಿರುಗಿಸಿತು: ತಾಯಿ ಗುಲಾಮಳಾದರೆ ಮಗುವೂ ಗುಲಾಮ, ತಂದೆ ಯಾರೇ ಆಗಿರಲಿ. ಆ ಒಂದು ಸಾಲಿನಿಂದ ಒಡೆಯರಿಗೆ ಎರಡು ಅನುಕೂಲವಾಯಿತು. ಮಾಡಿದ್ದಕ್ಕೆ ಹೊಣೆ ತಪ್ಪಿತು. ಮೇಲಾಗಿ ಆಳುಗಳ ಸಂಖ್ಯೆ ಬೆಳೆಯಿತು. ಎಲಿಜಬೆತ್ ಹುಟ್ಟಿದಾಗ ಬರ್ವೆಲ್‌ಗೆ ಮಗಳು ಹುಟ್ಟಲಿಲ್ಲ, ಆಸ್ತಿ ಹೆಚ್ಚಿತು.

ಹಾಗಾಗಿ ಅವಳು ದುಡಿದದ್ದೆಲ್ಲ ಸ್ವಂತ ಒಡಹುಟ್ಟಿದವರಿಗೇ. ನಾಲ್ಕು ವರ್ಷಕ್ಕೇ ಒಡೆಯನ ಕೂಸನ್ನು ತೂಗುವ ಕೆಲಸ. ಜೋರಾಗಿ ತೂಗಿ ಕೂಸು ಕೆಳಕ್ಕೆ ಬಿತ್ತು. ಗಾಬರಿಯಲ್ಲಿ ಎಲಿಜಬೆತ್ ಒಲೆಯ ಬಳಿಯಿದ್ದ ಬೂದಿ ಸಲಿಕೆಯಿಂದ ಕೂಸನ್ನು ಎತ್ತಲು ಹೊರಟಳು. ಅದಕ್ಕೆ ಚಾವಟಿಯೇಟು. ಹದಿನಾಲ್ಕಕ್ಕೆ ಅಣ್ಣನ ಮನೆ. ಅಣ್ಣ ಎಂದು ಕರೆಯುವಂತಿಲ್ಲ, ಅವನು ಒಡೆಯನ ಹಿರಿಯ ಮಗ ರಾಬರ್ಟ್ ಬರ್ವೆಲ್, ಮುಂದೆ ನಾರ್ತ್ ಕೆರೊಲಿನಾದ ಹಿಲ್ಸ್‌ಬರೋ ಊರಿಗೆ ಪಾದ್ರಿಯಾದವನು. ಹುಡುಗಿಯ ‘ಸೊಕ್ಕು’ ಮುರಿಯಬೇಕೆಂದು ಅಲ್ಲಿ ಊರ ಮೇಷ್ಟರ ಕೈಯಿಂದ ಹೊಡೆಸಿದರು. ತಪ್ಪೇನೆಂದು ಕೇಳಿದರೆ ಉತ್ತರವಿಲ್ಲ. ಅದೇ ಊರಿನ ಅಲೆಕ್ಸಾಂಡರ್ ಕರ್ಕ್‌ಲ್ಯಾಂಡ್ ಎಂಬ ಬಿಳಿಯ ನಾಲ್ಕು ವರ್ಷ ಅವಳನ್ನು ಕಾಡಿದ. ಅದರ ಫಲ ಜಾರ್ಜ್ ಎಂಬ ಮಗ. ಆ ಬಿಳಿಯನ ಹೆಸರನ್ನು ಎಲಿಜಬೆತ್ ಮುಂದೆ ತಾನು ಬರೆದ ಪುಸ್ತಕದಲ್ಲಿ ಬರೆಯಲೂ ಇಲ್ಲ.

ಆಮೇಲೆ ಒಡಹುಟ್ಟಿದವಳಾದ ಆ್ಯನ್‌ಳ ಸಂಸಾರ. ಆ್ಯನ್‌ಳ ಗಂಡ ಹ್ಯೂ ಗಾರ್ಲೆಂಡ್ ವಕೀಲ. ಗುಲಾಮ ಡ್ರೆಡ್ ಸ್ಕಾಟ್ ಬಿಡುಗಡೆ ಕೋರಿ ಕೋರ್ಟಿಗೆ ಹೋದ ಪ್ರಸಿದ್ಧ ಮೊಕದ್ದಮೆಯಲ್ಲಿ ಒಡೆಯರ ಪರ ನಿಂತವರಲ್ಲಿ ಇವನೂ ಒಬ್ಬ. 1847ರಲ್ಲಿ ಸಂಸಾರ ಸೇಂಟ್ ಲೂಯಿಸ್‌ಗೆ ಬಂದಾಗ ಮನೆಯಲ್ಲಿ ದುಡ್ಡಿಗೆ ತತ್ವಾರ. ಮುದುಕಿ ಆಗ್ನೆಸ್‌ಳನ್ನು ಹೊರಗೆ ಕೂಲಿಗೆ ಕಳಿಸೋಣ ಎಂಬ ಮಾತು ಎದ್ದಿತು. ಎಲಿಜಬೆತ್ ತಡೆದಳು; ತಾಯಿಯ ಬದಲು ತಾನು ಹೊಲಿಗೆ ಹಿಡಿದಳು. ಊರಿನ ದೊಡ್ಡ ಮನೆಗಳ ಹೆಂಗಸರು ಇವಳ ಕೈಕೆಲಸ ಹುಡುಕಿಕೊಂಡು ಬರತೊಡಗಿದರು. ಎರಡು ವರ್ಷ ಐದು ತಿಂಗಳು, ಹದಿನೇಳು ಜನರ ಹೊಟ್ಟೆ ತುಂಬಿದ್ದು ಅವಳೊಬ್ಬಳ ಸೂಜಿಯಿಂದ. ಅಷ್ಟು ದುಡಿದವಳು ನನ್ನ ಬೆಲೆ ಎಷ್ಟು ಹೇಳಿ ಎಂದು ಕೇಳಿದಾಗ ಗಾರ್ಲೆಂಡ್ ಮೊದಲು ರೇಗಿದ. ಕೆಲವು ದಿನ ಕಳೆದು ಜೇಬಿನಿಂದ ಕಾಲು ಡಾಲರಿನ ಬೆಳ್ಳಿ ನಾಣ್ಯ ತೆಗೆದು ಮುಂದೆ ಚಾಚಿದ. ಬಿಡುಗಡೆ ಬೇಕಲ್ಲವೆ, ಇಗೋ ದೋಣಿಯ ಬಾಡಿಗೆ. ಮಿಸಿಸಿಪ್ಪಿ ನದಿ ದಾಟಿದರೆ ಇಲಿನಾಯ್, ಅಲ್ಲಿ ಗುಲಾಮಗಿರಿ ಇಲ್ಲ, ಹೋಗು.

ಅವಳು ಹೋಗಲಿಲ್ಲ. ನದಿ ದಾಟುವ ದಾರಿ ನನಗೂ ಗೊತ್ತು, ದಿನಾ ಜನ ದಾಟುವುದನ್ನು ನೋಡುತ್ತೇನೆ. ನೆಲದ ಕಾನೂನಿನಂತೆ ನಾನು ನಿಮ್ಮವಳು, ಕಾನೂನು ಒಪ್ಪುವ ಹಾಗೆಯೇ ಬಿಡುಗಡೆ ಪಡೆಯುತ್ತೇನೆ ಎಂಬುದು ಅವಳ ನಿಲುವು. ಇಂದು ಇದನ್ನು ಕೇಳಿದರೆ ಸಿಟ್ಟು ಬರುತ್ತದೆ. ಅನ್ಯಾಯದ ಕಾನೂನಿಗೆ ಇಷ್ಟೊಂದು ಮರ್ಯಾದೆ ಏಕೆ? ಆದರೆ ಓಡಿಹೋದವಳ ಬೆನ್ನ ಹಿಂದೆ ಸದಾ ಹುಡುಕುವವರಿರುತ್ತಾರೆ. 1850ರ ಕಾಯಿದೆಯ ಮೇರೆಗೆ ಉತ್ತರದ ರಾಜ್ಯಗಳಿಂದಲೂ ಹಿಡಿದು ತರಬಹುದಿತ್ತು. ಅದಕ್ಕೂ ಮಿಗಿಲಾಗಿ, ಕದ್ದುಹೋದ ಸೊತ್ತು ಎಂದು ತನ್ನನ್ನು ಯಾರೂ ಕರೆಯಕೂಡದು ಎಂಬ ಹಟ ಅವಳಿಗೆ. ಮಗನ ವಿಷಯದಲ್ಲಿ ಅವಳ ತರ್ಕ ಇನ್ನೂ ಮೊನಚು. ಅವನ ಅರ್ಧ ರಕ್ತ ಬಿಳಿಯರದು, ಅಂದರೆ ಹುಟ್ಟಿನಿಂದಲೇ ಸ್ವತಂತ್ರವಾದದ್ದು. ಆ ಅರ್ಧಕ್ಕೆ ಉಳಿದರ್ಧವನ್ನು ಬಿಡಿಸುವ ಬಲ ಏಕಿಲ್ಲ?

1,200 ಡಾಲರ್ ಬೆಲೆ ನಿಗದಿಯಾಯಿತು. ಈ ನಡುವೆ ಜೇಮ್ಸ್ ಕೆಕ್ಲಿ ಎಂಬವನ ಜೊತೆ ಮದುವೆಯೂ ಆಯಿತು. ತಾನು ಸ್ವತಂತ್ರ ಎಂದಿದ್ದ ಗಂಡ ತಾನೂ ಗುಲಾಮನೇ, ಜೊತೆಗೆ ಕುಡುಕ ಎಂಬುದು ಆಮೇಲೆ ತಿಳಿಯಿತು. ಹಣ ಕೂಡಿಸಲು ನ್ಯೂಯಾರ್ಕಿಗೆ ಹೋಗಿ ದಯೆಯುಳ್ಳವರನ್ನು ಕೇಳುವುದೆಂದು ಎಲಿಜಬೆತ್ ಹೊರಟು ನಿಂತಳು. ಹಿಂದಿರುಗಿ ಬರುತ್ತಾಳೆ ಎಂಬುದಕ್ಕೆ ಆರು ಮಂದಿ ದೊಡ್ಡ ಮನುಷ್ಯರ ಜಾಮೀನು ಬೇಕೆಂದಳು ಒಡತಿ ಆ್ಯನ್. ಐದು ಸಹಿ ಸಿಕ್ಕಿತು. ಆರನೆಯವನು, ಫ್ಯಾರೋ ಎಂಬಾತ, ಸಹಿ ಹಾಕಲು ಒಪ್ಪಿದ. ಆದರೆ ನೀನು ವಾಪಸು ಬರುವುದಿಲ್ಲ ಎಂಬುದು ನನಗೆ ಖಾತ್ರಿ ಎಂದ. ನಂಬಿಕೆಯಿಲ್ಲದ ಸಹಿ ನನಗೆ ಬೇಡ ಎಂದು ಅವಳು ಬರಿಗೈಯಲ್ಲಿ ಹೊರಟು ಬಂದಳು. ಮನೆಗೆ ಬಂದು ಅತ್ತಳು. ಬಿಡುಗಡೆ ಕೈಗೆ ಬಂದಂತಿದ್ದಾಗಲೂ, ಕಳ್ಳಿ ಎಂಬ ಅನುಮಾನ ಹೊತ್ತು ಅದನ್ನು ಪಡೆಯಲು ಅವಳ ಮನಸ್ಸು ಒಪ್ಪಲಿಲ್ಲ. ಕೊನೆಗೆ ಅವಳಿಂದ ಬಟ್ಟೆ ಹೊಲಿಸುತ್ತಿದ್ದ ಲೆ ಬೂರ್ಜ್ವಾ ಎಂಬ ಗೃಹಿಣಿ ಗಾಡಿಯಲ್ಲಿ ಬಂದು, ನೀನು ಪರಊರಿಗೆ ಹೋಗಿ ಕೈಯೊಡ್ಡುವುದು ನಮಗೇ ನಾಚಿಕೆ ಎಂದು ಗೆಳತಿಯರಿಂದ ಹಣ ಕೂಡಿಸಿಕೊಟ್ಟಳು. ದಾನವೆಂದು ಕೊಟ್ಟದ್ದನ್ನು ಎಲಿಜಬೆತ್ ಸಾಲವೆಂದೇ ತೆಗೆದುಕೊಂಡಳು. ಹೊಲಿದು ಹೊಲಿದು ಬಿಡಿಗಾಸೂ ಉಳಿಸದೆ ತೀರಿಸಿದಳು.

ಹದಿನೇಳು ಜನರಿಗೆ ಅನ್ನ ಹಾಕಿದವಳು ಆ ಮನೆಗೇ 1,200 ಡಾಲರ್ ಕೊಡಬೇಕಾಯಿತು. ಲೆಕ್ಕ ತಲೆಕೆಳಗಾಗಿದೆ ಎಂಬುದು ಅವಳಿಗೆ ತಿಳಿಯದೆ ಇರಲಿಲ್ಲ. ಆದರೂ ತೀರಿಸಿದಳು, ಇನ್ನು ಮುಂದೆ ಯಾರ ಮುಂದೆಯೂ ತಲೆ ತಗ್ಗಿಸುವ ಕಾರಣ ಉಳಿಯಬಾರದೆಂದು.

1860ರಲ್ಲಿ ಎಲಿಜಬೆತ್ ಗಂಡನನ್ನು ಬಿಟ್ಟು ವಾಷಿಂಗ್ಟನ್ ಸೇರಿದಳು. ರಾಜಧಾನಿಯಲ್ಲಿ ಸ್ವತಂತ್ರ ಕರಿಯಳಿಗೂ ನೆಲೆಸಲು ಪರವಾನಗಿ ಬೇಕು, ಗುರುತು ಹೇಳಲು ಬಿಳಿಯರೊಬ್ಬರು ಬೇಕು. ಬಿಡುಗಡೆ ಪತ್ರ ಕೈಯಲ್ಲಿದ್ದೂ ಬೇರೆಯವರು ಇವಳು ಇಂಥವಳು ಎಂದು ಹೇಳಬೇಕಾದ ಬದುಕು. ಅಲ್ಲಿಯೂ ಸೂಜಿಯೇ ದಾರಿ ಮಾಡಿತು. ಸೆನೆಟರ್ ಜೆಫರ್ಸನ್ ಡೇವಿಸ್‌ನ ಹೆಂಡತಿಗೆ ಹೊಲಿದಳು. ಡೇವಿಸ್ ದಕ್ಷಿಣದ ಬಂಡಾಯದ ಅಧ್ಯಕ್ಷನಾಗಲು ಹೊರಟಾಗ ಆ ಮನೆಯಾಕೆ ನಮ್ಮೊಡನೆ ಬಾ ಎಂದು ಕರೆದರೂ ಹೋಗಲಿಲ್ಲ. 1861ರ ಮಾರ್ಚಿನಲ್ಲಿ ಅಬ್ರಹಾಂ ಲಿಂಕನ್ ಅಧಿಕಾರ ವಹಿಸಿಕೊಂಡ ಮಾರನೆಯ ದಿನವೇ ಶ್ವೇತಭವನದಿಂದ ಕರೆ ಬಂತು. ಮೇರಿ ಲಿಂಕನ್ ಹಲವು ಹೊಲಿಗೆಯವರನ್ನು ಕರೆಸಿದ್ದಳು. ಆರಿಸಿದ್ದು ಎಲಿಜಬೆತ್‌ಳನ್ನು. ಆ ವಸಂತ, ಬೇಸಿಗೆಗಳಲ್ಲೇ ಹದಿನೈದು ಹದಿನಾರು ಉಡುಪು ಸಿದ್ಧವಾದವು. ಅಂದಿನ ಸಿರಿವಂತರ ಉಡುಪೆಂದರೆ ಮೈಗೆ ಅಂಟಿದಂತೆ ಕೂರುವ ಮೇಲಂಗಿ, ಕೆಳಗೆ ಗಜಗಟ್ಟಲೆ ರೇಷ್ಮೆಯ ಘೇರು. ಅಳತೆ ಒಂದು ಕೂದಲೆಳೆ ತಪ್ಪಿದರೂ ಕಾಣುತ್ತದೆ. ಅಳತೆ ಹಿಡಿದು ಕತ್ತರಿಸುವುದರಲ್ಲಿಯೇ ಅವಳ ಹೆಸರು. ಹೊಲಿದದ್ದು ಮಾತ್ರವಲ್ಲ, ಸಮಾರಂಭದ ಸಂಜೆ ಮೇರಿಗೆ ಉಡಿಸಿ, ತಲೆ ಬಾಚಿ, ಹೂ ಮುಡಿಸಿ ಕಳಿಸುತ್ತಿದ್ದವಳೂ ಇವಳೇ. ಲಿಂಕನ್ ಇವಳನ್ನು ‘ಮೇಡಂ ಎಲಿಜಬೆತ್’ ಎಂದು ಕರೆಯುತ್ತಿದ್ದ.

ಅದೇ ವರ್ಷ ಆಗಸ್ಟ್ ಹತ್ತರಂದು ಮಿಸೌರಿಯ ವಿಲ್ಸನ್ಸ್ ಕ್ರೀಕ್ ಕದನದಲ್ಲಿ ಮಗ ಜಾರ್ಜ್ ಸತ್ತ. ಓಹಾಯೋದ ವಿಲ್ಬರ್‌ಫೋರ್ಸ್ ವಿಶ್ವವಿದ್ಯಾಲಯದಲ್ಲಿ ಅವಳು ಅವನನ್ನು ಓದಿಸಿದ್ದಳು. ಉತ್ತರ ದಕ್ಷಿಣಗಳ ನಡುವೆ ಯುದ್ಧ ಶುರುವಾದಾಗ ಉತ್ತರದ, ಅಂದರೆ ಒಕ್ಕೂಟದ, ಸೈನ್ಯ ಕರಿಯರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಮೈಬಣ್ಣ ತಿಳಿಯಾಗಿದ್ದ ಜಾರ್ಜ್, ಕರ್ಕ್‌ಲ್ಯಾಂಡ್ ಎಂಬ ಹೆಸರು ಬರೆಸಿ ಬಿಳಿಯನೆಂದೇ ಸೇರಿದ. ತನ್ನ ಜನರ ಬಿಡುಗಡೆಗಾಗಿ ಹೋರಾಡಲು ತನ್ನ ಜನರವನಲ್ಲ ಎಂದು ಹೇಳಿಕೊಳ್ಳಬೇಕಾಯಿತು. ತಾಯಿಯನ್ನು ಕಾಡಿದವನ ಹೆಸರು ಹೊತ್ತು ಸಾಯಬೇಕಾಯಿತು. ಅರ್ಧರಕ್ತ ಮಗನಿಗೆ ಕೊಟ್ಟ ಏಕೈಕ ಸವಲತ್ತು ಅದು. ಮುಂದಿನ ಫೆಬ್ರವರಿಯಲ್ಲಿ ಲಿಂಕನ್ನರ ಮಗ ವಿಲ್ಲಿ ಜ್ವರದಿಂದ ತೀರಿಕೊಂಡಾಗ ಆ ಮಗುವಿನ ಮೈತೊಳೆದು ಬಟ್ಟೆ ತೊಡಿಸಿದವಳು, ಆರು ತಿಂಗಳ ಹಿಂದೆ ಸ್ವಂತ ಮಗನನ್ನು ಮಣ್ಣು ಮಾಡುವ ಭಾಗ್ಯವೂ ಇಲ್ಲದೆ ಕಳೆದುಕೊಂಡಿದ್ದ ಇದೇ ತಾಯಿ.

ಅದರ ಬಳಿಕ ಅವಳ ಬದುಕು ಬೇರೆ ಕಡೆಗೆ ತಿರುಗಿತು. ಯುದ್ಧಭೂಮಿಯಿಂದ ತಪ್ಪಿಸಿಕೊಂಡ ಸಾವಿರಾರು ಗುಲಾಮರು ವಾಷಿಂಗ್ಟನ್‌ಗೆ ಬಂದು ಬೀಳುತ್ತಿದ್ದರು. ಸೈನ್ಯದ ಕಡತಗಳಲ್ಲಿ ಅವರಿಗೆ ‘ಕಾಂಟ್ರಬ್ಯಾಂಡ್’, ಅಂದರೆ ಶತ್ರುವಿನಿಂದ ಕಸಿದ ಸರಕು ಎಂಬ ಹೆಸರು. ಗುಡಾರಗಳಲ್ಲಿ ಚಳಿ, ರೋಗ, ಹಸಿವು. 1862ರ ಬೇಸಿಗೆಯಲ್ಲಿ ಬಿಳಿಯರು ಗಾಯಾಳು ಸೈನಿಕರಿಗಾಗಿ ನಿಧಿ ಕೂಡಿಸಲು ನಡೆಸಿದ ಉತ್ಸವವೊಂದನ್ನು ಕಂಡು, ನಮ್ಮವರಲ್ಲಿ ಉಳ್ಳವರು ಇಲ್ಲದವರಿಗೆ ಹೀಗೇಕೆ ಮಾಡಬಾರದು ಎಂದು ಎಲಿಜಬೆತ್ ಚರ್ಚಿನಲ್ಲಿ ಮಾತೆತ್ತಿದಳು. ಎರಡು ವಾರದೊಳಗೆ ನಲವತ್ತು ಸದಸ್ಯರ ಪರಿಹಾರ ಸಂಘ ನಿಂತಿತು, ಅವಳೇ ಅಧ್ಯಕ್ಷೆ. ಮೇರಿ ಲಿಂಕನ್ 200 ಡಾಲರ್ ಕೊಟ್ಟಳು. ನ್ಯೂಯಾರ್ಕ್, ಬಾಸ್ಟನ್‌ಗಳಿಗೆ ಹೋಗಿ ಎಲಿಜಬೆತ್ ಹಣ, ಬಟ್ಟೆ, ಕಂಬಳಿ ಕೂಡಿಸಿದಳು. ಸ್ವತಃ ಗುಲಾಮಗಿರಿಯಿಂದ ತಪ್ಪಿಸಿಕೊಂಡು ದೊಡ್ಡ ವಾಗ್ಮಿಯಾಗಿದ್ದ ಫ್ರೆಡರಿಕ್ ಡಗ್ಲಾಸ್ ನೆರವಿಗೆ ನಿಂತ.

ಹಾಗೆಂದು ಅವಳು ಆ ಜನರೊಳಗೆ ಕರಗಿಹೋದಳು ಎಂದರೆ ಸುಳ್ಳಾಗುತ್ತದೆ. ಗುಡಾರದ ಮುದುಕಿಯೊಬ್ಬಳು ಅವಳ ಹತ್ತಿರ ದೂರಿದಳಂತೆ: ಇಲ್ಲಿಗೆ ಬಂದು ಇಷ್ಟು ದಿನವಾಯಿತು, ಲಿಂಕನ್ ಅಮ್ಮನವರು ನನಗೆ ಇನ್ನೂ ಒಂದು ಒಳಅಂಗಿಯನ್ನೂ ಕೊಟ್ಟಿಲ್ಲ, ಊರಲ್ಲಿ ನಮ್ಮೊಡತಿ ವರ್ಷಕ್ಕೆ ಎರಡು ಕೊಡುತ್ತಿದ್ದಳು. ಸರ್ಕಾರವೆಂದರೆ ಮುದುಕಿಗೆ ಹೊಸ ಒಡೆಯ, ಅಧ್ಯಕ್ಷನ ಹೆಂಡತಿ ಹೊಸ ಒಡತಿ. ಎಲಿಜಬೆತ್ ಮನಸಾರೆ ನಕ್ಕಳು, ಆ ನಗೆಯನ್ನು ಪುಸ್ತಕದಲ್ಲೂ ಬರೆದಳು. ಓದುವ ನಮಗೆ ಸ್ವಲ್ಪ ಮುಜುಗರವಾಗುತ್ತದೆ. ಮನೆಯೊಳಗಿನ ಆಳಾಗಿ ಬೆಳೆದ, ಕಸಬು ಬಲ್ಲ, ತಿಳಿಬಣ್ಣದ ಹೆಂಗಸಿಗೂ ಹೊಲದಲ್ಲಿ ಸವೆದ ಮುದುಕಿಗೂ ನಡುವೆ ಅಂತರವಿತ್ತು. ಆ ಅಂತರವನ್ನು ಅವಳು ಮುಚ್ಚಿಡಲಿಲ್ಲ. ಅದು ಇದ್ದೂ ಕೆಲಸ ಬಿಡಲಿಲ್ಲ. ಇವರು ನನ್ನವರು ಎಂಬುದು ಅವಳಿಗೆ ಹುಟ್ಟಿನಿಂದ ತಾನಾಗಿ ಬಂದ ಭಾವವಲ್ಲ. ಅವಳು ಬೇಕೆಂದೇ ಹೆಗಲಿಗೆ ಏರಿಸಿಕೊಂಡ ಹೊಣೆ ಅದು.

ಯುದ್ಧ ಮುಗಿದ ಮೇಲೆ, 1866ರಲ್ಲಿ, ಅವಳು ವರ್ಜೀನಿಯಾಕ್ಕೆ ಹೋಗಿ ಗಾರ್ಲೆಂಡ್ ಮನೆಯವರನ್ನು ಕಂಡುಬಂದಳು. ಉತ್ತರದ ಗೆಳೆಯರಿಗೆ ಇದು ಅರ್ಥವಾಗಲಿಲ್ಲ. ಹಳೆಯ ಒಡತಿಯನ್ನು ನೋಡಲು ಯಾರಾದರೂ ಹೋಗುತ್ತಾರೆಯೇ? ಅಲ್ಲಿ ಅಪ್ಪಿಕೊಂಡರು, ಉಪಚರಿಸಿದರು. ಮಾತಿನ ನಡುವೆ ಎಲಿಜಬೆತ್ ಆ್ಯನ್‌ಳ ಮುಂದೆ ತಣ್ಣಗೆ ಒಂದು ಬಾಕಿ ಎತ್ತಿದಳು: ನಿಮ್ಮ ಮೇಲೆ ನನಗೆ ಒಂದೇ ಒಂದು ಬೇಸರ, ನನಗೆ ವಿದ್ಯೆ ಕೊಡಿಸಲಿಲ್ಲ. ಇಬ್ಬರೂ ಒಬ್ಬನೇ ತಂದೆಯ ಮಕ್ಕಳು. ಒಬ್ಬಳಿಗೆ ಓದು ಹಕ್ಕಾಗಿ ಬಂತು, ಇನ್ನೊಬ್ಬಳಿಗೆ ಹಕ್ಕೇ ಇರಲಿಲ್ಲ. ಆದರೆ ಅಕ್ಕ ತಂಗಿ ಎಂಬ ಮಾತು ಆ ಪುಸ್ತಕದಲ್ಲಿ ಎಲ್ಲಿಯೂ ಬರುವುದಿಲ್ಲ.

ಲಿಂಕನ್ ಕೊಲೆಯಾದ ಮೇಲೆ ಸಾಲದಲ್ಲಿ ಮುಳುಗಿದ ಮೇರಿ 1867ರಲ್ಲಿ ತನ್ನ ಹಳೆಯ ಉಡುಪುಗಳನ್ನು ಮಾರಲು ಹೆಸರು ಮರೆಸಿಕೊಂಡು ನ್ಯೂಯಾರ್ಕಿಗೆ ಬಂದಳು. ನೆರವಿಗೆ ಎಲಿಜಬೆತ್. ಸೇಂಟ್ ಡೆನಿಸ್ ಹೋಟೆಲಿನಲ್ಲಿ ಕರಿಯಳಿಗೆ ಒಳ್ಳೆಯ ಕೋಣೆ ಸಿಗಲಿಲ್ಲ. ಮೇರಿಯೂ ಅವಳೊಡನೆ ಅಟ್ಟದ ಕೋಣೆಯಲ್ಲೇ ಉಳಿದಳು. ಊಟದ ಕೋಣೆಗೆ ಹೋದರೆ, ನಿನ್ನಂಥವರಿಗೆ ಇಲ್ಲಿ ಬಡಿಸುವುದಿಲ್ಲ ಎಂದರು. ಆಳುಗಳ ಊಟದ ಮನೆಗೆ ಬೀಗ ಬಿದ್ದಿತ್ತು. ಅಮೆರಿಕದ ಅಧ್ಯಕ್ಷನ ಮನೆಯಲ್ಲಿ ನಾಲ್ಕು ವರ್ಷ ಓಡಾಡಿದವಳು ಆ ರಾತ್ರಿ ಹಸಿದು ಮಲಗಿದಳು. ಹಳೆ ಬಟ್ಟೆಯ ವ್ಯಾಪಾರ ನೆಗೆದುಬಿತ್ತು. ಪತ್ರಿಕೆಗಳು ಮೇರಿಯನ್ನು ಹರಿದು ಮುಕ್ಕಿದವು. ತನ್ನ ಅಂಗಡಿ ಬಿಟ್ಟು ತಿಂಗಳುಗಟ್ಟಲೆ ದುಡಿದ ಎಲಿಜಬೆತ್‌ಗೆ ಸಂಬಳವೂ ಬರಲಿಲ್ಲ.

ಆಗ ಅವಳು ಲೇಖನಿ ಹಿಡಿದಳು. 1868ರಲ್ಲಿ ‘ಬಿಹೈಂಡ್ ದಿ ಸೀನ್ಸ್’ ಎಂಬ ಆತ್ಮಕಥೆ ಹೊರಬಂತು; ‘ಮೂವತ್ತು ವರ್ಷ ಗುಲಾಮಳಾಗಿ, ನಾಲ್ಕು ವರ್ಷ ಶ್ವೇತಭವನದಲ್ಲಿ’ ಎಂಬುದು ಅದರ ಉಪಶೀರ್ಷಿಕೆ. ಮೇರಿಯ ಮೇಲಿನ ಅಪವಾದವನ್ನು ತೊಡೆಯುವುದೂ ತನ್ನ ಹೆಸರನ್ನು ಕಾಯ್ದುಕೊಳ್ಳುವುದೂ ಉದ್ದೇಶ ಎಂದಳು. ಆದರೆ ಮೇರಿ ಬರೆದ ಖಾಸಗಿ ಕಾಗದಗಳೂ ಅಚ್ಚಾಗಿದ್ದವು. ಅದು ತಪ್ಪೇ ಎಂದು ಕೇಳಿದರೆ, ಹೌದು, ಇಂದಿಗೂ ತಪ್ಪೆಂದೇ ತೋರುತ್ತದೆ. ಆದರೆ ಅಂದು ಎದ್ದ ಕೂಗು ಅದಕ್ಕಷ್ಟೇ ಅಲ್ಲ. ಆಳಾಗಿದ್ದವಳು ಒಡೆಯರ ಮನೆಯ ಕಥೆ ಬರೆಯುವುದೇ? ಪುಸ್ತಕವನ್ನು ಹೀಯಾಳಿಸಿ, ಅವಳ ಜನಾಂಗವನ್ನೇ ಆಡಿಕೊಳ್ಳುವ ಅಣಕು ಪುಸ್ತಕವೊಂದು ಬಂತು. ಮೇರಿ ಮಾತು ಬಿಟ್ಟಳು. ಬಿಳಿಯ ಗಿರಾಕಿಗಳು ಕಡಿಮೆಯಾದರು. ಅವಳು ಹೊಲಿದ ಉಡುಪನ್ನು ರಾಜಧಾನಿ ಮೆಚ್ಚಿ ತೊಟ್ಟಿತ್ತು. ಅದೇ ಕೈ ಬರೆದಾಗ ಸಹಿಸಲಿಲ್ಲ. ಬಿಡುಗಡೆಯ ಕಾಗದ ಅವಳ ದೇಹವನ್ನು ಅವಳಿಗೆ ಬಿಟ್ಟುಕೊಟ್ಟಿತ್ತು. ತನ್ನ ಬದುಕಿಗೆ ತಾನೇ ಸಾಕ್ಷಿ ಹೇಳುವ ಹಕ್ಕು ಆ ಕಾಗದದಲ್ಲಿರಲಿಲ್ಲ.

ಅವಳು ಮತ್ತೆ ಪುಸ್ತಕ ಬರೆಯಲಿಲ್ಲ, ಕಲಿಸಿದಳು. ಎಳೆಯ ಕರಿಯ ಹುಡುಗಿಯರಿಗೆ ಅಳತೆ, ಕತ್ತರಿ, ಹೊಲಿಗೆ ಹೇಳಿಕೊಡುವುದನ್ನು ಮುಂದುವರಿಸಿದಳು. 1892ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಮಗ ಓದಿದ ವಿಲ್ಬರ್‌ಫೋರ್ಸ್‌ಗೇ ಹೊಲಿಗೆಯ ಅಧ್ಯಾಪಕಿಯಾಗಿ ಹೋದಳು. ತನಗೆ ಸಿಗದ ವಿದ್ಯೆ, ಮಗ ಅರ್ಧಕ್ಕೇ ಬಿಟ್ಟ ವಿದ್ಯೆ, ಎರಡರ ಬಾಕಿಯನ್ನೂ ಅವಳು ಮುಂದಿನವರ ಕೈಗೆ ತೀರಿಸಿದಳು. 1907ರ ಮೇ ತಿಂಗಳಲ್ಲಿ ವಾಷಿಂಗ್ಟನ್‌ನಲ್ಲಿ, ನಿರ್ಗತಿಕ ಕರಿಯ ಹೆಂಗಸರು ಮಕ್ಕಳಿಗೆಂದು ಕಟ್ಟಿದ ಆಶ್ರಯಧಾಮವೊಂದರಲ್ಲಿ ತೀರಿಕೊಂಡಳು.

ಸತ್ತ ಮೇಲೂ ಅವಳ ಗುರುತಿನ ತಕರಾರು ಮುಗಿಯಲಿಲ್ಲ. 1935ರಲ್ಲಿ ಒಬ್ಬ ಪತ್ರಕರ್ತ, ಆ ಪುಸ್ತಕ ಬರೆದದ್ದು ಬಿಳಿಯ ಲೇಖಕಿಯೊಬ್ಬಳು, ಎಲಿಜಬೆತ್ ಕೆಕ್ಲಿ ಎಂಬ ಹೆಸರಿನ ಹಿಂದೆ ಅಂಥ ಲೇಖಕಿ ಇರಲೇ ಇಲ್ಲ ಎಂದು ವಾದಿಸಿದ. ಜಾನ್ ವಾಷಿಂಗ್ಟನ್ ಎಂಬ ಕರಿಯ ಶಾಲಾ ಅಧ್ಯಾಪಕ ಇದನ್ನು ಓದಿ ಸುಮ್ಮನಿರಲಿಲ್ಲ. ಅವಳನ್ನು ಕಂಡಿದ್ದ, ಅವಳ ಬಳಿ ಕೆಲಸ ಕಲಿತಿದ್ದ ವೃದ್ಧರನ್ನು ಮನೆಮನೆಗೆ ಹೋಗಿ ಮಾತಾಡಿಸಿ, ಅವರು ಹೇಳಿದ್ದನ್ನೆಲ್ಲ 1942ರ ತನ್ನ ಪುಸ್ತಕದಲ್ಲಿ ದಾಖಲಿಸಿದ. ಇದ್ದಳು ಎಂದು ಸಾಕ್ಷಿ ಹೇಳಿದವರು ಬರ್ವೆಲ್ ವಂಶದವರಲ್ಲ, ಲಿಂಕನ್ ವಂಶದವರೂ ಅಲ್ಲ. ಅವಳು ಯಾರನ್ನು ತನ್ನವರೆಂದು ಆರಿಸಿಕೊಂಡಳೋ ಆ ಜನ.

ಗುಲಾಮಗಿರಿಯನ್ನು ತೊಡೆದ ಲಿಂಕನ್‌ನ ಹೆಸರು ಶಾಲೆಯ ಮಕ್ಕಳಿಗೂ ಗೊತ್ತು, ಗೊತ್ತಿರಬೇಕಾದ್ದೇ. ಆದರೆ ಬಿಡುಗಡೆಯನ್ನು ಯಾರೋ ಕೊಟ್ಟರು, ಇನ್ಯಾರೋ ಪಡೆದರು ಎಂದು ನಾವು ಓದುವ ಇತಿಹಾಸದಲ್ಲಿ ಒಂದು ಪುಟ ಕಾಣೆಯಾಗಿದೆ. ಗುಲಾಮರ ಬಿಡುಗಡೆಯನ್ನು ಸಾರಿದ ಅಧ್ಯಕ್ಷನ ಘೋಷಣೆಗೆ ಏಳು ವರ್ಷ ಮೊದಲೇ ಒಬ್ಬ ದರ್ಜಿ ಹೆಂಗಸು ತನ್ನ ಬಿಡುಗಡೆಯ ಪೂರ್ತಿ ಬೆಲೆಯನ್ನು ತಾನೇ ತೆತ್ತಿದ್ದಳು. ಆ ಹಣವನ್ನು ಅವಳಿಗೆ ಯಾರೂ ಹಿಂದಿರುಗಿಸಲಿಲ್ಲ.